ಹತ್ತು ಚೋಗಿಗಳ ಹಳದಿ

ಬಾಂಗ್ ಜೋಂಗ್ಟೇ ಮೇಷ್ಟ್ರು ಬರೆದ ಚಿತ್ರವನ್ನು ಗ್ಯಾಲರಿಯ ನಡುಗೋಡೆಗೇ ತೂಗುಹಾಕಿದ್ದರು. ಹಾಕದೆ ಏನು ಮಾಡುತ್ತಾರೆ? ಮೋಕ್ಪೋ ಬಂದರಿನ ಚಿತ್ರಕಾರರಲ್ಲೆಲ್ಲ ಹಿರಿಯರು ಅವರೇ, ವಯಸ್ಸು ಎಪ್ಪತ್ಮೂರು. ಹಿರಿಯರ ಚಿತ್ರ ಬಾಗಿಲಿಗೆ ನೇರ ಎದುರಿಗೆ, ಒಳ್ಳೆಯ ದೀಪದ ಕೆಳಗೆ, ಅಕ್ಕಪಕ್ಕ ಉಳಿದವರಿಗಿಂತ ಒಂದು ಗೇಣು ಜಾಸ್ತಿ ಜಾಗ ಬಿಟ್ಟು ತೂಗಬೇಕು ಎನ್ನುವುದು ಇಲ್ಲಿ ಯಾರೂ ಬರೆದಿಡದ ಕಾನೂನು. ಮೇಷ್ಟ್ರು ಖಾಲಿ ಹಲಗೆಗೆ ಸುಣ್ಣ ಬಳಿದು ತಂದುಕೊಟ್ಟಿದ್ದರೂ ಅದೇ ಗೋಡೆ, ಅದೇ ದೀಪ. ಅವರ ಸಂಕಟವೂ ಅದೇ ಆಗಿತ್ತು.

ಈ ಗ್ಯಾಲರಿ ಮೊದಲು ದೋಣಿಗಳಿಗೆ ಐಸ್ ತುಂಬಿಕೊಡುವ ಗೋದಾಮಾಗಿತ್ತು. ಈಗ ಅದನ್ನು ಯೊಮ್ ಹೇಯೋಂಗ್ ಎಂಬ ನಲವತ್ತರ ಹೆಂಗಸು ನಡೆಸುತ್ತಾಳೆ. ಮಹಾ ಚುರುಕು. ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರ ಹತ್ತಿರವೇ ಡ್ರಾಯಿಂಗ್ ಕಲಿತವಳು. ಈ ಸಲ ಅವಳು ಸುತ್ತಲಿನ ಹನ್ನೊಂದು ಜನ ಚಿತ್ರಕಾರರನ್ನು ಹಿಡಿದು ಒಂದೇ ಮಾತು ಹೇಳಿದ್ದಳು: "ಬೆಟ್ಟ ಬೇಡ, ಸಮುದ್ರ ಬೇಡ, ಹಡಗು ಮೊದಲೇ ಬೇಡ. ಮೇಜಿನ ಮೇಲೆ ಏನಿದೆಯೋ ಅದನ್ನ ಬರೀರಿ." ಶನಿವಾರ ಮಧ್ಯಾಹ್ನ ಮೂರಕ್ಕೆ ಉದ್ಘಾಟನೆ. ಬಾಗಿಲ ಆಚೆ ಈಚೆ ಹಾರೈಕೆಯ ರಿಬ್ಬನ್ ಕಟ್ಟಿದ ಆರ್ಕಿಡ್ ಕುಂಡಗಳ ಸಾಲು, ಒಳಗೆ ಉದ್ದ ಮೇಜಿನ ಮೇಲೆ ಅಕ್ಕಿ ಕಡುಬು, ಅಕ್ಕಿ ಹೆಂಡದ ಕೆಟಲ್ಲು, ಹೆಚ್ಚಿಟ್ಟ ಪಿಯರ್ ಹಣ್ಣು.

ಮೇಷ್ಟ್ರು ಎರಡು ಗಂಟೆಗೇ ಬಂದು ಗೋಡೆ ಗೋಡೆಯೂ ನೋಡುತ್ತಾ ಹೋದರು. ಅಬ್ಬಾ, ಏನು ಕೆಲಸ ಮಾಡಿದ್ದರು ಈ ಜನ! ಹಡಗಿನ ಎಂಜಿನ್ ರಿಪೇರಿ ಮಾಡುವವನೊಬ್ಬ ನಟ್ಟು ತಿರುಗಿಸುವ ಒಂದು ಪಾನಾದ ಪಕ್ಕದಲ್ಲಿ ಒಂದು ಮೊಟ್ಟೆ ಬರೆದಿದ್ದ, ಅಷ್ಟೇ. ಆ ಪಾನಾ ಎಷ್ಟು ಭಾರವಿತ್ತೆಂದರೆ ಮೊಟ್ಟೆಯ ಗತಿಯೇನಪ್ಪಾ ಎಂದು ನೋಡುವವರ ಜೀವ ಹಾರಬೇಕು. ಸಂಗೀತ ಕಲಿಸುವ ಹೆಂಗಸು ಕುಕ್ಕರಿನ ಮುಚ್ಚಳ ತೆಗೆದಿಟ್ಟು ಒಳಗಿನ ತಂಗಳನ್ನವನ್ನು ಬರೆದಿದ್ದಳು. ಅಂಚಿನ ಅನ್ನ ಒಣಗಿದೆ, ನಡುವಿನದು ಇನ್ನೂ ಮೆತ್ತಗಿದೆ, ಬರೀ ಬಿಳಿ ಬಣ್ಣದಲ್ಲಿ ಅಷ್ಟನ್ನೂ ಹೇಳಿಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ಮೇಷ್ಟ್ರು ಅದರ ಮುಂದೆ ತುಂಬಾ ಹೊತ್ತು ನಿಂತರು. ಹೊಟ್ಟೆಕಿಚ್ಚಿನಿಂದಲ್ಲ. ಇಷ್ಟು ಚೆನ್ನಾಗಿ ನೋಡುವ ಕಣ್ಣುಗಳು ನಮ್ಮೂರಲ್ಲೇ ಇವೆಯಲ್ಲ ಎಂಬ ಸಂತೋಷಕ್ಕೆ. ಆಮೇಲೆ ಇನ್ನೊಂದು ಯೋಚನೆ ಬಂತು: ಈ ಬಿಳಿಯಲ್ಲಿ ಇವಳು ಇಟ್ಟಿರುವುದೆಲ್ಲ ನನಗೆ ಕಾಣುತ್ತಿದೆಯೋ, ಅರ್ಧ ಮಾತ್ರ ಕಾಣುತ್ತಿದೆಯೋ?

ವಿಷಯ ಇಷ್ಟು. ಮೇಷ್ಟ್ರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ ಮಾಡೋಣ ಎಂದು ಹೇಳಿ ಎರಡು ವರ್ಷವಾಗಿತ್ತು. ಮೇಷ್ಟ್ರು "ಆಗಲಿ, ಯೋಚನೆ ಮಾಡ್ತೀನಿ" ಎಂದು ಎದ್ದುಬಂದವರು ಆ ಕಡೆ ತಲೆ ಹಾಕಿರಲಿಲ್ಲ. ಕಣ್ಣೊಳಗೆ ಕತ್ತಿ ಎಂದರೆ ಅವರಿಗೆ ಮೈಯೆಲ್ಲ ತಣ್ಣಗಾಗುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ದಿನ ಹೋದಂತೆ ಬಿಳಿಯದೆಲ್ಲ ಹಳೇ ಕಾಗದದ ಹಾಗೆ ಕಾಣತೊಡಗಿತು. ಬಿಳಿಯೇ ಹಳದಿಯಾದ ಮೇಲೆ ನಿಜವಾದ ಹಳದಿಯನ್ನು ಗುರುತು ಹಿಡಿಯುವುದು ಹೇಗೆ? ಇಂಥ ಕಣ್ಣಿಟ್ಟುಕೊಂಡು ಅವರು ಬರೆಯಲು ಹೊರಟದ್ದಾದರೂ ಏನನ್ನು? ಚೋಗಿ ಮೀನನ್ನು! ಹೊಟ್ಟೆಯ ಹಳದಿಯೇ ಆ ಮೀನಿನ ಮರ್ಯಾದೆ.

ಹಟ ಅದು. ಹುಲ್ಲಿನ ಹಗ್ಗದಲ್ಲಿ ಪೋಣಿಸಿದ ಹತ್ತು ಚೋಗಿಗಳನ್ನು ಬರೆಯುತ್ತೇನೆ, ಆ ಹಳದಿ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಅಲ್ಲಿಗೆ ಕುಂಚ ಕೆಳಗಿಡುತ್ತೇನೆ ಎಂದು ಮನಸ್ಸಿನಲ್ಲೇ ಪಣ ತೊಟ್ಟಿದ್ದರು. ಅದಕ್ಕಾಗಿ ಹನ್ನೊಂದು ವಾರ ಮೀನು ಮಾರ್ಕೆಟ್ಟಿನಲ್ಲಿ ತಾಕ್ ಮಾಲ್ಸುನಳ ಅಂಗಡಿಯ ಮುಂದೆ ಕೂತರು. ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕುಂಡೆಯೂರಿ, ಮೊಣಕಾಲ ಮೇಲೆ ಹಲಗೆಯಿಟ್ಟುಕೊಂಡು, ಬೆಳಿಗ್ಗೆ ಆರರಿಂದ ಎಂಟರವರೆಗೆ. ಬಣ್ಣ ಕಲಸಿ, ಅದನ್ನು ತೆಳು ಕತ್ತಿಯ ತುದಿಗೆ ಹಚ್ಚಿ, ಮೀನಿನ ಹೊಟ್ಟೆಯ ಮೇಲೇ ಇಟ್ಟು ನೋಡುತ್ತಿದ್ದರು. ಎರಡೂ ಒಂದೇ ಆಗುವವರೆಗೆ ಕಲಸುವುದು, ಇಟ್ಟು ನೋಡುವುದು. ಕತ್ತಿ ಯಾವುದು ಮೀನು ಯಾವುದು ಎಂದು ತಿಳಿಯದ ಹಾಗಾದಾಗ ಮಾತ್ರ ಆ ಬಣ್ಣ ಹಲಗೆಗೆ ಹೋಗುತ್ತಿತ್ತು. ಬಣ್ಣ ತಾಗಿದ ಮೀನನ್ನು ಯಾರು ಕೊಳ್ಳುತ್ತಾರೆ? ಮೇಷ್ಟ್ರೇ ಕೊಳ್ಳಬೇಕಾಗಿತ್ತು. ಮನೆಗೆ ಹೋಗಿ ಬಣ್ಣದ ಜಾಗವನ್ನು ದಪ್ಪಗೆ ಕೆತ್ತಿಹಾಕಿ ಉಳಿದದ್ದನ್ನು ಸುಟ್ಟುಕೊಂಡು ಉಣ್ಣುತ್ತಿದ್ದರು.

ಮಾಲ್ಸುನಳಿಗೆ ಅರವತ್ತಾರು. ನಾಲಗೆ ಮೀನು ಹೆಚ್ಚುವ ಕತ್ತಿಗಿಂತ ಹರಿತ. "ಏನ್ ಮೇಷ್ಟ್ರೇ, ಇವತ್ತು ಯಾವನಿಗೆ ಅರಿಶಿನ ಹಚ್ಚೋಕೆ ಬಂದ್ರಿ? ಮದುವೆ ಯಾವಾಗ?" ಎಂದು ದಿನಾ ಬೆಳಿಗ್ಗೆ ಇಡೀ ಸಾಲಿಗೆ ಕೇಳುವಂತೆ ಕೂಗುವಳು. ಮೇಷ್ಟ್ರು "ನಿನ್ನ ಬಾಯಿ ಮುಚ್ಚಿದ ದಿನ" ಎನ್ನುವರು. ಅಷ್ಟರಲ್ಲಿ ಅವಳು ಒದ್ದೆ ಗೋಣಿಯ ಕೆಳಗಿನಿಂದ ಆ ದಿನದ ಮೀನನ್ನು ತೆಗೆದು, ನಿನ್ನೆಯದರಷ್ಟೇ ಉದ್ದ, ನಿನ್ನೆಯದರಷ್ಟೇ ದಪ್ಪ ಇರುವುದನ್ನು, ಅವರ ಮುಂದೆ ಇಡುವಳು. ಒಂದು ದಿನವೂ ತಪ್ಪಿಸಲಿಲ್ಲ. ಚಿತ್ರ ನೋಡು ಬಾ ಎಂದು ಕರೆದರೆ ಮಾತ್ರ "ನಂಗ್ಯಾಕೆ, ದಿನಾ ನೂರು ನೋಡ್ತೀನಿ, ನಿಮ್ದು ವಾಸನೆಯಾದ್ರೂ ಬರುತ್ತಾ?" ಎಂದು ಕೈಯಾಡಿಸಿಬಿಡುವಳು.

ಮೀನು ಎದುರಿಗಿದ್ದಷ್ಟು ದಿನ ಮೇಷ್ಟ್ರಿಗೆ ಧೈರ್ಯವಿತ್ತು. ಹತ್ತೂ ಮುಗಿದು, ಒಣಗಿ, ಹಲಗೆ ಮನೆಗೆ ಬಂದು ಗೋಡೆಗೆ ಒರಗಿತಲ್ಲ, ಆಗ ಶುರುವಾಯಿತು ಗ್ರಹಚಾರ. ದೂರ ನಿಂತು ನೋಡಿದರೆ ಬೆನ್ನು ಹೊಟ್ಟೆ ಎಲ್ಲ ಒಂದೇ ಬಣ್ಣ. ಹಳದಿಯೇ ಇಲ್ಲ! ಕಿಟಕಿಯ ಹತ್ತಿರ ತಂದರು, ಅಂಗಳಕ್ಕೆ ಒಯ್ದರು. ಇಲ್ಲವೇ ಇಲ್ಲ. ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಗಸಗಸೆ ಎಣ್ಣೆಯಲ್ಲಿ ಹಳದಿಯನ್ನು ತೆಳ್ಳಗೆ ಕದಡಿಕೊಂಡು ಹತ್ತು ಹೊಟ್ಟೆಗಳ ಮೇಲೂ ಇನ್ನೊಂದು ಪದರ ಎಳೆದರು. ಸಾಲದು ಎನಿಸಿತು. ಮತ್ತೊಂದು ಎಳೆದರು. ಆ ಎಣ್ಣೆ ವಾರಗಟ್ಟಲೆ ಒಣಗುವುದಿಲ್ಲ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಅವರೇ. ಗಾಬರಿಯಲ್ಲಿ ಪಾಠ ಯಾರಿಗೆ ನೆನಪಿರುತ್ತದೆ?

ಮೂರು ಗಂಟೆಗೆ ಜನ ತುಂಬಿದರು. ಮೇಷ್ಟ್ರು ತಮ್ಮ ಚಿತ್ರದ ಪಕ್ಕದಲ್ಲಿ, ಪರೀಕ್ಷೆ ಬರೆದ ಮಕ್ಕಳು ರಿಸಲ್ಟಿಗೆ ಕಾಯುವಂತೆ ನಿಂತರು. ಬಂದವರೆಲ್ಲ ಬಗ್ಗಿ ನಮಸ್ಕಾರ ಮಾಡಿದರು. "ಆಹಾ, ಸರ್" ಎಂದರು. "ಏನು ಕಳೆ, ಸರ್" ಎಂದರು. ಒಬ್ಬರು ಕಣ್ಣೊರೆಸಿಕೊಂಡರು. ಯಾರಾದರೂ ಒಬ್ಬರು ಒಂದು ತಪ್ಪು ಹೇಳಬಾರದೇ ಎಂದು ಮೇಷ್ಟ್ರ ಜೀವ ಒದ್ದಾಡುತ್ತಿತ್ತು. ತಪ್ಪು ಹೇಳಿದರೆ ಹೊಗಳಿಕೆಯನ್ನೂ ನಂಬಬಹುದಿತ್ತು.

ಕೊನೆಗೆ ಕು ಬೋನ್ಸಿಕ್‌ನನ್ನು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಬೋನ್ಸಿಕ್‌ಗೆ ಐವತ್ತೈದು ವರ್ಷ, ಒಳ್ಳೆಯ ಚಿತ್ರಕಾರ. ಬಲಗೋಡೆಯ ಮೇಲಿನ ಕೆಂಪನೆಯ ಪರ್ಸಿಮನ್ ಹಣ್ಣುಗಳು ಅವನವು. ಅರ್ಧ ಕೊಳೆತ ಒಂದು ಹಣ್ಣನ್ನು ಅವನು ಎಷ್ಟು ಪ್ರೀತಿಯಿಂದ ಬರೆದಿದ್ದನೆಂದರೆ ಬಾಯಿಗೆ ಹಾಕಿಕೊಳ್ಳೋಣ ಎನಿಸುತ್ತಿತ್ತು. ಇವನ ಕಣ್ಣನ್ನು ಮೇಷ್ಟ್ರು ನಂಬುತ್ತಿದ್ದರು.

"ಬೋನ್ಸಿಕ್, ನನ್ನಾಣೆಗೂ ನಿಜ ಹೇಳು. ಆ ಹಳದಿ ಹೇಗಿದೆ?"

"ಸರ್, ಏನ್ ಹೇಳ್ಲಿ ಸರ್," ಎಂದ ಬೋನ್ಸಿಕ್. ಕಣ್ಣು ಮಾತ್ರ ಮೇಷ್ಟ್ರ ಟೈ ಮೇಲಿತ್ತು. "ನಿಮ್ಮ ಹಳದಿ ಬಗ್ಗೆ ಮಾತಾಡೋ ಯೋಗ್ಯತೆ ನನಗೆಲ್ಲಿದೆ?"

"ಯೋಗ್ಯತೆ ಕೇಳ್ಲಿಲ್ಲ ಕಣಯ್ಯಾ. ಹಳದಿ ಕೇಳಿದೆ."

"ತುಂಬಾ... ತುಂಬಾ ಗಟ್ಟಿಯಾಗಿದೆ, ಸರ್," ಎಂದು ಹೇಳಿ ಮತ್ತೊಂದು ಸಲ ಬಗ್ಗಿ, ಕಡುಬಿನ ಮೇಜಿನ ಕಡೆ ತಪ್ಪಿಸಿಕೊಂಡ.

ಗಟ್ಟಿಯಂತೆ! ಮೇಷ್ಟ್ರಿಗೆ ಮೈ ಉರಿಯಿತು. ಮರುಕ್ಷಣ ಎಲ್ಲವೂ ತಣ್ಣಗಾಯಿತು. ಸರಿ, ಆಯಿತು. ಕಣ್ಣು ಸುಳ್ಳು ಹೇಳುತ್ತದೆ, ಜನ ಅದಕ್ಕಿಂತ ಮೃದುವಾಗಿ ಸುಳ್ಳು ಹೇಳುತ್ತಾರೆ. ನಿಜ ಹೇಳುವವರು ಯಾರೂ ಇಲ್ಲದ ಮೇಲೆ ಬರೆಯುವುದು ಹೇಗೆ? ಹೇಯೋಂಗ್ ಚಪ್ಪಾಳೆ ತಟ್ಟಿ "ಈಗ ನಮ್ಮ ಬಾಂಗ್ ಸರ್ ಎರಡು ಮಾತಾಡ್ತಾರೆ" ಎಂದಾಗ ಅವರು ತೀರ್ಮಾನ ಮಾಡಿಯಾಗಿತ್ತು.

"ಈ ಗೋಡೆಗಳ ಮೇಲೆ ಇರೋದನ್ನ ನೋಡಿ ನನಗೆ ಹೆಮ್ಮೆ ಆಗ್ತಿದೆ," ಎಂದು ಶುರು ಮಾಡಿದರು. ಆ ಮಾತು ಹೃದಯದಿಂದ ಬಂದಿತ್ತು. "ಆ ಮೊಟ್ಟೆ, ಆ ತಂಗಳನ್ನ, ಆ ಹಣ್ಣು. ಇಂಥವರು ಇದ್ದಾರೆ ಅಂದ್ಮೇಲೆ ನನ್ನಂಥ ಮುದುಕ ನೆಮ್ಮದಿಯಾಗಿ ಜಾಗ ಬಿಡಬಹುದು. ಅದಕ್ಕೇ ಇವತ್ತು..."

ಬಾಗಿಲು ದಢಾರನೆ ತೆರೆಯಿತು. ರಬ್ಬರ್ ಬೂಟು, ಹೂವಿನ ಚಿತ್ತಾರದ ಸಡಿಲ ಪೈಜಾಮ, ಸೊಂಟಕ್ಕೆ ಚೀಲ, ಜೊತೆಗೆ ಮಾರ್ಕೆಟ್ಟಿನ ಅಷ್ಟೂ ವಾಸನೆ. ಮಾಲ್ಸುನ್! ಸಿಲ್ಕಿನ ಸ್ಕಾರ್ಫುಗಳು ಎರಡೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

"ಮಾತಾಡಿ, ಮಾತಾಡಿ. ನಾನು ನಿಮ್ಮನ್ನ ನೋಡಕ್ಕೆ ಬಂದಿಲ್ಲ, ನನ್ನ ಮೀನು ನೋಡಕ್ಕೆ ಬಂದೆ," ಎನ್ನುತ್ತ ಅವಳು ನೆಟ್ಟಗೆ ನಡುಗೋಡೆಗೆ ನಡೆದಳು. ಚಿತ್ರಕ್ಕೆ ಒಂದು ಮೊಳ ದೂರದಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟಳು. ಮುಖ ಗಂಟಾಯಿತು.

"ಇದೇನಿದು?" ಎಂದಳು.

ಅವಳು ಚೀಲದಿಂದ ಒಂದು ಬಿಳಿ ಟಿಶ್ಯೂ ಎಳೆದು, ಯಾರಾದರೂ ಬೇಡ ಎನ್ನುವಷ್ಟರಲ್ಲಿ ಮೊದಲನೆಯ ಮೀನಿನ ಹೊಟ್ಟೆಗೆ ಒತ್ತಿ, ಕಿವಿರಿನಿಂದ ಬಾಲದವರೆಗೆ ಬರ್ರನೆ ಒರೆಸಿಬಿಟ್ಟಳು.

"ಅಯ್ಯಯ್ಯೋ!" ಎಂದು ಹೇಯೋಂಗ್ ಕಿರುಚಿದಳು. ಬೋನ್ಸಿಕ್‌ನ ಕೈಯಲ್ಲಿದ್ದ ಕಡುಬು ಕೆಳಗೆ ಬಿತ್ತು.

ಮಾಲ್ಸುನ್ ಟಿಶ್ಯೂವನ್ನು ಎತ್ತಿ ಹಿಡಿದಳು. ತೊಪ್ಪೆ ಹಳದಿ.

"ನೋಡಿ! ಬಣ್ಣ ಹಾಕಿದ ಮೀನು!" ಎಂದು ಇಡೀ ಸಭೆಗೆ ತೋರಿಸಿದಳು. "ಎಲ್ಲೆಲ್ಲಿಂದಲೋ ಬರೋ ಬಿಳಿಚಿಕೊಂಡ ಮೀನಿಗೆ ಹೀಗೇ ಬಣ್ಣ ಬಳಿದು ನಮ್ಮೂರ ಚೋಗಿ ಅಂತ ಮಾರ್ತಾರೆ ಕಳ್ಳರು. ಒರೆಸಿದ್ರೆ ಸಿಕ್ಕಿಹಾಕ್ಕೊಳ್ತಾರೆ. ಮೇಷ್ಟ್ರೇ, ನಾಚಿಕೆ ಆಗಲ್ವಾ ನಿಮಗೆ? ಹನ್ನೊಂದು ವಾರ ನನ್ನ ಅಂಗಡೀಲಿ ಕೂತು, ನನ್ನ ಮೀನಿಗೇ ಬಣ್ಣ ಬಳಿದ್ರಾ?"

ಹೇಯೋಂಗ್ ಓಡಿಬಂದು ಅವಳ ಮೊಣಕೈ ಹಿಡಿದಳು. "ಅಮ್ಮಾ, ಇದು ಚಿತ್ರ! ಚಿತ್ರ ಮುಟ್ಟಬಾರದು! ಸರ್, ದಯವಿಟ್ಟು ಕ್ಷಮಿಸಿ, ನಾನು..."

ಮೇಷ್ಟ್ರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಒರೆಸಿದ ಮೀನನ್ನು ನೋಡುತ್ತಿದ್ದರು. ಬಣ್ಣ ಬಳಿದ ಒಂಬತ್ತರ ಪಕ್ಕದಲ್ಲಿ ಅದು ಒಂದೇ ಬೇರೆಯಾಗಿ ಮಲಗಿತ್ತು. ಹಳದಿ ಎಷ್ಟು, ಬಿಳಿ ಎಷ್ಟು ಎಂದು ಅವರ ಕಣ್ಣಿಗೆ ತಿಳಿಯಲಿಲ್ಲ. ಆದರೆ ಸುತ್ತಲಿನ ಮುಖಗಳು ತಿಳಿಯುತ್ತಿದ್ದವು. ಅಲ್ಲಿಯವರೆಗೆ ವಿನಯದಿಂದ ಬಗ್ಗುತ್ತಿದ್ದ ಜನ ಬಗ್ಗುವುದನ್ನು ಮರೆತು ಕತ್ತು ಚಾಚಿ ನೋಡುತ್ತಿದ್ದರು. ಎಂಜಿನ್ ರಿಪೇರಿಯವನು ಬಾಯಿ ತೆರೆದುಕೊಂಡು ಮುಂದೆ ಮುಂದೆ ಬರುತ್ತಿದ್ದ.

"ದೇವರೇ," ಎಂದ ಅವನು, ಯಾರಿಗೂ ಅಲ್ಲದೆ. "ಕೆಳಗೆ ಇಂಥಾದ್ದು ಇತ್ತಾ?"

ಮಾಲ್ಸುನಳೂ ತಿರುಗಿ ನೋಡಿದಳು. ಹೇಯೋಂಗಳ ಕೈ ಬಿಡಿಸಿಕೊಂಡು ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿದಳು.

"ಇದು ನಂದು," ಎಂದಳು, ಮಾರ್ಕೆಟ್ಟಿನವರು ಕೇಳಿದ್ದರೆ ಗಾಬರಿಯಾಗುವಷ್ಟು ಸಣ್ಣ ದನಿಯಲ್ಲಿ. "ಇದು ಮಾರ್ಚಿ ಮೊದಲನೇ ಮಂಗಳವಾರ ಕೊಟ್ಟಿದ್ದು. ಮೊಟ್ಟೆ ತುಂಬಿತ್ತು. ಇಲ್ಲಿ ನೋಡಿ, ಹೊಟ್ಟೆ ಕೆಳಗೆ ಹಳದಿ ಚೂರು ಕಿತ್ತಳೆಗೆ ತಿರುಗಿದೆ, ಮೊಟ್ಟೆ ಇದ್ರೆ ಹಾಗೇ ಆಗೋದು. ಅದನ್ನೂ ಬರೆದಿದ್ದೀರಲ್ಲ ಮೇಷ್ಟ್ರೇ! ನನ್ನ ಸೊಸೆಗೆ ಮೂರು ವರ್ಷದಿಂದ ತೋರಿಸ್ತಿದ್ದೀನಿ, ಅವಳಿಗೇ ಇನ್ನೂ ಕಾಣಲ್ಲ."

ಮೇಷ್ಟ್ರು ಬೋನ್ಸಿಕ್ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ? ಮೇಲಿನ ಹಳದಿ ಕೆಟ್ಟದಾಗಿದೆ ಅಂತ?"

ಬೋನ್ಸಿಕ್‌ನ ಮುಖ ಅವನ ಹಣ್ಣುಗಳಿಗಿಂತ ಕೆಂಪಾಯಿತು. "ಗುರುವಾರ ತೂಗುಹಾಕೋವಾಗ್ಲೇ ಗೊತ್ತಾಯ್ತು, ಸರ್. ನಾನು ಹೇಗೆ ಹೇಳ್ಲಿ ಸರ್ ನಿಮಗೆ? ನನ್ನ ಕೈಗೆ ಕುಂಚ ಕೊಟ್ಟೋರು ನೀವು."

"ಅದಕ್ಕೇ ಹೇಳಬೇಕಿತ್ತು, ದಡ್ಡ ನನ್ಮಗನೇ!" ಎಂದು ಮೇಷ್ಟ್ರು ಗದರಿದರು. ಬೋನ್ಸಿಕ್‌ಗೆ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದಲ್ಲಿ ಮೇಷ್ಟ್ರು ಹೀಗೆ ಬೈದದ್ದು ಇದೇ ಮೊದಲು. ಅವನ ಮುಖದಲ್ಲಿ ಹೊರೆ ಇಳಿಸಿದ ನಿರಾಳವೂ ಕಂಡಿತು.

ಮೇಷ್ಟ್ರು ಮಾಲ್ಸುನಳ ಮುಂದೆ ಕೈ ಚಾಚಿದರು. "ಇನ್ನೂ ಇದೆಯಾ ಆ ಕಾಗದ?"

ಅವಳು ಇಡೀ ಪೊಟ್ಟಣವನ್ನೇ ಕೊಟ್ಟಳು. ಮೇಷ್ಟ್ರು ಕೋಟು ಬಿಚ್ಚಿ ಹೇಯೋಂಗಳ ಕೈಗೆ ಕೊಟ್ಟು, ತೋಳು ಮಡಚಿ, ಅಷ್ಟೂ ಜನರ ಎದುರಿಗೆ ಎರಡನೆಯ ಮೀನಿನಿಂದ ಶುರು ಮಾಡಿದರು. ಒತ್ತುವುದು, ಎಳೆಯುವುದು, ಹೊಸ ಕಾಗದ ತೆಗೆಯುವುದು. ಕೈ ಅಲುಗಲಿಲ್ಲ. ಒಂದೊಂದು ಮೀನು ಹೊರಬಂದ ಹಾಗೆ ಮಾಲ್ಸುನ್ ಪಕ್ಕದಲ್ಲಿ ನಿಂತು ಹೇಳುತ್ತಾ ಹೋದಳು: ಇದು ಮಂಜು ಬಿದ್ದ ದಿನದ್ದು, ಇದರ ರೆಕ್ಕೆ ಬಲೆಗೆ ಸಿಕ್ಕಿ ಹರಿದಿತ್ತು, ಇದು ಗಂಡು, ಇದಕ್ಕೆ ನೀವು ಜಗಳ ಆಡಿದ್ರಿ. ಹೆಂಡದ ಲೋಟ ಹಿಡಿದವರು ಕುಡಿಯುವುದನ್ನು ಬಿಟ್ಟು ಸುತ್ತುಗಟ್ಟಿದರು. ಹತ್ತನೆಯದು ಹೊರಬಂದಾಗ ಯಾರೂ "ಆಹಾ, ಸರ್" ಎನ್ನಲಿಲ್ಲ. ಸಂಗೀತದ ಮೇಡಮ್ಮು ಮುಂದೆ ಬಂದು ಬಾಲಗಳ ಕಡೆ ಬೆರಳು ತೋರಿಸಿ, "ಇದನ್ನ ಹೇಗೆ ಮಾಡಿದ್ರಿ? ನನಗೆ ಕಲಿಸ್ತೀರಾ?" ಎಂದು ಕೇಳಿದಳು, ಅಷ್ಟೇ.

ಆ ಮಾತಿಗೆ ಮೇಷ್ಟ್ರು ಕರಗಿಹೋದರು. ಹಳದಿ ಮೆತ್ತಿದ ಬೆರಳುಗಳನ್ನು ನೋಡುತ್ತ ಅವರು ಹೇಳಿದರು, "ನನಗೆ ಕಾಣೋದಿಲ್ಲಮ್ಮ. ಎಲ್ಲರ ಮುಂದೆ ಹೇಳ್ತಿದ್ದೀನಿ. ಎರಡು ವರ್ಷದಿಂದ ನನಗೆ ಹಳದಿ ಕಾಣಿಸ್ತಿಲ್ಲ. ಇದರಲ್ಲಿ ಏನಿದೆ ಅಂತ ನೀವೆಲ್ಲ ಹೇಳಿದ್ರೇನೇ ನನಗೆ ಗೊತ್ತಾಗೋದು."

ಹೇಯೋಂಗ್ ಕೋಟನ್ನು ಎದೆಗೆ ಒತ್ತಿಕೊಂಡಳು.

"ನಂಗೊತ್ತು," ಎಂದಳು ಮಾಲ್ಸುನ್.

"ಏನು ಗೊತ್ತು?"

"ನಿಮ್ಮ ಕಣ್ಣಿನ ವಿಷಯ. ಮೊದಲನೇ ವಾರವೇ ಗೊತ್ತಾಯ್ತು. ತೆಳು ಬಣ್ಣದ ಮೀನು ಕೊಟ್ರೆ ಮಗುಚಿ ಮಗುಚಿ ನೋಡ್ತಿದ್ರಿ, ಬೆನ್ನು ಯಾವ ಕಡೆ ಅಂತ ಹುಡುಕೋರ ಹಾಗೆ. ಅವತ್ತಿಂದ ಹರಾಜಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ಕೆದಕಿ, ಎಲ್ಲಕ್ಕಿಂತ ಹಳದಿ ಹೊಟ್ಟೇದು ಯಾವುದೋ ಅದನ್ನ ಆರಿಸಿ ತರ್ತಿದ್ದೆ. ಬಿಸಿಲು ತಾಗಿದ್ರೆ ಬಣ್ಣ ಇಳಿಯುತ್ತೆ ಅಂತ ಗೋಣಿ ಕೆಳಗೆ ಮುಚ್ಚಿಡ್ತಿದ್ದೆ. ನಿಮಗೆ ಕಾಣ್ಲಿ ಅಂತ."

ಹನ್ನೊಂದು ವಾರ. ಎಲ್ಲ ಚೋಗಿಗಳೂ ಹಾಗೇ ಇರುತ್ತವೆ ಎಂದುಕೊಂಡಿದ್ದರು ಮೇಷ್ಟ್ರು. ಇಡೀ ಬಂದರಿಗೆ ಬಂದದ್ದರಲ್ಲಿ ಒಳ್ಳೆಯದನ್ನು ಆರಿಸಿ ಇವಳು ಅವರ ಮುಂದಿಟ್ಟಿದ್ದಳು, ಅವರು ಅದರ ಹೊಟ್ಟೆಗೆ ಕತ್ತಿಯಿಂದ ಬಣ್ಣ ಮೆತ್ತಿದ್ದರು.

"ಮತ್ತೆ ಯಾಕೆ ಹೇಳ್ಲಿಲ್ಲ ನನಗೆ? ನಿನ್ನ ಬಾಯಿಗೆ ಬೀಗ ಅಂತ ಯಾವತ್ತಾದ್ರೂ ಇತ್ತಾ?"

"ಹೇಳಿದ್ರೆ ನಾಳೆಯಿಂದ ಬರೋದು ಬಿಟ್ಟುಬಿಡ್ತಿದ್ರಿ," ಎಂದಳು ಮಾಲ್ಸುನ್. ಹೇಳಿ ಬೇರೆ ಕಡೆ ನೋಡಿದಳು. ಅವಳ ಕಿವಿ ಕೆಂಪಾಗಿತ್ತು.

ಮೇಷ್ಟ್ರು ಭಾಷಣ ಕೇಳಲು ನಿಂತಿದ್ದವರನ್ನೆಲ್ಲ ಮರೆತು, ಯಾರಿಗೂ ಯಾವತ್ತೂ ಹೇಳದಿದ್ದ ಮಾತನ್ನು ಅವಳಿಗೆ ಹೇಳಿದರು. "ಆಪರೇಷನ್ ಮಾಡಿಸಬೇಕಂತೆ ಮಾಲ್ಸುನ್. ಮಾಡಿಸಿದ್ರೆ ಕಾಣುತ್ತಂತೆ. ನನಗೆ ಹೆದರಿಕೆ."

"ಹೆದರ್ಕೊಳ್ಳಿ, ಯಾರು ಬೇಡ ಅಂದ್ರು?" ಎಂದಳು ಅವಳು. "ಹೆದರ್ಕೊಂಡೇ ಹೋಗೋಣ. ಸೋಮವಾರ ನಂಗೂ ಅಂಗಡಿ ರಜ."